ಪ್ರವಾಸಿಗರು ತಂದ ಡಾಲರ್ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಾನು ಹೊಸಪೇಟೆಯವನು. ಆನೆಗುಂದಿ ಕಡೆ ನಮ್ಮದು ಅರ್ಧ ಎಕರೆ ಜಾಗ ಇದೆ. ಸಾಲ ಮಾಡಿ ಅಲ್ಲಿ ವಿದೇಶಿಯರಿಗೆ ಅಂತ ಹತ್ತು ರೂಮು ಕಟ್ಟಿಸುವ ಯೋಚನೆ ಇದೆ. ವಿದೇಶಿ ಪ್ರವಾಸಿಗರು ಬಂದರೆ ದೇಶ ಮುಂದೆ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಮಾಲ್ಡೀವ್ಸ್ ಅದರಿಂದಲೇ ಬದುಕುತ್ತಿದೆ ಅಂತಾರೆ. ಹಾಗಾದರೆ ಶ್ರೀಲಂಕಾಕ್ಕೂ ಅಷ್ಟೊಂದು ಜನ ಬರುತ್ತಿದ್ದರಲ್ಲ, ಅದು ಯಾಕೆ ದಿವಾಳಿ ಆಯಿತು? ಪ್ರವಾಸೋದ್ಯಮದಿಂದ ನಿಜವಾಗಿ ಆರ್ಥಿಕತೆ ಬೆಳೆಯುತ್ತದೋ, ಇಲ್ಲ ಇದೆಲ್ಲ ಸುಮ್ನೆ ಮಾತೋ?

ಉತ್ತರ: ನಿಮ್ಮ ಹತ್ತು ರೂಮಿನ ವಿಷಯಕ್ಕೆ ಕೊನೆಗೆ ಬರುತ್ತೇನೆ. ಮೊದಲು ಒಂದು ಆಮ್ಲೆಟ್ ವಿಷಯ ಮಾತಾಡೋಣ.

ಮಾಲ್ಡೀವ್ಸ್‌ನ ಯಾವುದೋ ರೆಸಾರ್ಟಿನಲ್ಲಿ ಬೆಳಿಗ್ಗೆ ಒಬ್ಬ ಜರ್ಮನ್ ಪ್ರವಾಸಿ ತಟ್ಟೆಗೆ ಆಮ್ಲೆಟ್ ಹಾಕಿಸಿಕೊಳ್ಳುತ್ತಾನೆ ಅಂತಿಟ್ಟುಕೊಳ್ಳಿ. ಆ ಮೊಟ್ಟೆ ನಮ್ಮ ಪಕ್ಕದ ನಾಮಕ್ಕಲ್‌ದೇ ಇರಬಹುದು. ಈರುಳ್ಳಿಯೂ ಭಾರತದ್ದೇ ಇದ್ದೀತು. 2024-25ಕ್ಕೆ ಮಾಲ್ಡೀವ್ಸ್‌ಗೆ ಅಂತಲೇ ಭಾರತ ಎತ್ತಿಟ್ಟ ಕೋಟಾ ನೋಡಿ. ಮೊಟ್ಟೆ 42 ಕೋಟಿಗೂ ಜಾಸ್ತಿ, ಈರುಳ್ಳಿ 35 ಸಾವಿರ ಟನ್‌ಗೂ ಜಾಸ್ತಿ, ಅಕ್ಕಿ 1.24 ಲಕ್ಷ ಟನ್. ಕಟ್ಟಡಕ್ಕೆ ಬೇಕಾದ ಮರಳು, ಜಲ್ಲಿ ತಲಾ 10 ಲಕ್ಷ ಟನ್. ಹೌದು, ಫೋಟೊದಲ್ಲಿ ಎತ್ತ ನೋಡಿದರೂ ಮರಳೇ ಕಾಣುವ ದೇಶಕ್ಕೆ ನಾವು ಹೊಳೆ ಮರಳು ಕಳಿಸುತ್ತೇವೆ. ಆಮ್ಲೆಟ್ ಬೇಯಿಸಿದ ಗ್ಯಾಸು, ರೂಮಿನ ಎ.ಸಿ. ಓಡಿಸುವ ಜನರೇಟರಿನ ಡೀಸೆಲ್ಲು, ಬ್ರೆಡ್ಡಿಗೆ ಸವರುವ ಬೆಣ್ಣೆ, ಎಲ್ಲ ಹೊರಗಿನಿಂದಲೇ ಬರಬೇಕು. ಆಮ್ಲೆಟ್ ಹಾಕಿದವನು ಬಾಂಗ್ಲಾದೇಶದವನೋ ಕೇರಳದವನೋ ಇದ್ದರೆ ಆಶ್ಚರ್ಯ ಇಲ್ಲ, ಯಾಕಂದರೆ 2022ರ ಜನಗಣತಿ ಪ್ರಕಾರ ಅಲ್ಲಿರುವ ನಾಲ್ವರಲ್ಲಿ ಒಬ್ಬರು ಹೊರದೇಶದವರು, ತಿಂಗಳ ಕೊನೆಗೆ ಅವರ ಸಂಬಳದ ದೊಡ್ಡ ಪಾಲು ಅವರವರ ಊರಿಗೆ ಹೋಗುತ್ತದೆ. ಆ ತಟ್ಟೆಯಲ್ಲಿ ಅಪ್ಪಟ ಅಲ್ಲಿನದು ಅಂತ ಇದ್ದರೆ ಪಕ್ಕದಲ್ಲಿಟ್ಟ ಟ್ಯೂನಾ ಮೀನು ಮಾತ್ರ. ಅದನ್ನು ಅಲ್ಲಿನ ಮೀನುಗಾರರು ಗಾಳ ಹಾಕಿ ಒಂದೊಂದಾಗಿ ಹಿಡಿಯುತ್ತಾರೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಲೆಕ್ಕದ ದೃಷ್ಟಿಯಿಂದ ವಿದೇಶಿ ಪ್ರವಾಸ ಅಂದರೆ ಒಂದು ಬಗೆಯ ರಫ್ತು. ಕಾಫಿಯನ್ನು ಹಡಗಿಗೆ ತುಂಬಿ ಕಳಿಸಿದರೂ ಡಾಲರ್ ಬರುತ್ತದೆ, ಕಾಫಿ ಕುಡಿಯುವವನೇ ಚಿಕ್ಕಮಗಳೂರಿಗೆ ಬಂದು ಕುಡಿದು ಹೋದರೂ ಡಾಲರ್ ಬರುತ್ತದೆ. ಎರಡನೆಯದರಲ್ಲಿ ಒಂದು ಲಾಭ ಹೆಚ್ಚು. ಬಂದವನು ಬರೀ ಕಾಫಿ ಕುಡಿದು ಹೋಗುವುದಿಲ್ಲ, ಟ್ಯಾಕ್ಸಿ ಹತ್ತುತ್ತಾನೆ, ಊಟ ಮಾಡುತ್ತಾನೆ, ಬಟ್ಟೆ ಒಗೆಯಲು ಕೊಡುತ್ತಾನೆ, ಹೆಂಡತಿಗೆ ಏನೋ ಕೊಳ್ಳುತ್ತಾನೆ. ಆದರೆ ಹಾಗೆ ಖರ್ಚಾದ ದುಡ್ಡಿನಲ್ಲಿ ಎಷ್ಟು ಪಾಲು ಹೊರಗಿನಿಂದ ತರಿಸಿದ ಸಾಮಾನಿನ ಬಿಲ್ಲಿಗೆ, ಹೊರದೇಶದ ಮಾಲೀಕನ ಲಾಭಕ್ಕೆ, ಬುಕಿಂಗ್ ಆ್ಯಪ್‌ನ ಕಮಿಷನ್ನಿಗೆ ಅಂತ ವಾಪಸ್ ಹೊರಟುಹೋಗುತ್ತದೆ? ಇದಕ್ಕೆ ನಮ್ಮ ಅರ್ಥಶಾಸ್ತ್ರದವರು ಸೋರಿಕೆ ಅನ್ನುತ್ತಾರೆ. ಕೊಡ ತುಂಬಿಸುವಾಗ ನಲ್ಲಿಯನ್ನೇ ನೋಡುತ್ತಾ ನಿಂತರೆ ಹೇಗೆ, ಕೊಡದ ತಳವನ್ನೂ ನೋಡಬೇಕು ಅಲ್ವಾ. ಸರ್ಕಾರಗಳು ಮಾತ್ರ ಯಾವಾಗಲೂ ನಲ್ಲಿ ಲೆಕ್ಕವನ್ನೇ ಹೇಳುತ್ತವೆ. ಈ ವರ್ಷ ಇಷ್ಟು ಲಕ್ಷ ಜನ ಬಂದರು, ಹೊಸ ದಾಖಲೆ, ಚಪ್ಪಾಳೆ.

ಹಾಗಂತ ಮಾಲ್ಡೀವ್ಸ್ ಕಥೆ ಸೋಲಿನ ಕಥೆ ಅಂದುಕೊಳ್ಳಬೇಡಿ. 1972ರಲ್ಲಿ ಅಲ್ಲಿ ಮೊದಲ ರೆಸಾರ್ಟ್ ಕುರುಂಬಾ ಶುರುವಾದಾಗ ಅದು ಮೀನು ಹಿಡಿದು ಒಣಗಿಸಿ ಮಾರಿ ಬದುಕುತ್ತಿದ್ದ ಬಡ ದೇಶ. 2011ರಲ್ಲಿ ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಗೆ ಬಂತು. ಇವತ್ತು ದಕ್ಷಿಣ ಏಷ್ಯಾದಲ್ಲಿ ತಲಾ ಆದಾಯ ಅತಿ ಜಾಸ್ತಿ ಇರುವುದು ಅಲ್ಲೇ. ಐದು ಲಕ್ಷ ಜನರ ದೇಶಕ್ಕೆ 2024ರಲ್ಲಿ 20 ಲಕ್ಷ ಪ್ರವಾಸಿಗರು ಬಂದರು. ಸೋರಿಕೆ ಎಷ್ಟೇ ಇರಲಿ, ನಲ್ಲಿ ಅಷ್ಟು ಜೋರಾಗಿ ಬಿಟ್ಟಾಗ ಕೊಡದಲ್ಲಿ ಒಂದಿಷ್ಟು ನೀರು ನಿಂತೇ ನಿಲ್ಲುತ್ತದೆ. ಸರ್ಕಾರವೂ ಜಾಣತನದಿಂದ ದ್ವೀಪಗಳನ್ನು ಗುತ್ತಿಗೆಗೆ ಕೊಟ್ಟು ಬಾಡಿಗೆ ತೆಗೆದುಕೊಳ್ಳುತ್ತದೆ. ಪ್ರವಾಸಿಗರ ಬಿಲ್ಲಿನ ಮೇಲೆ 2023ರಿಂದ ಶೇ 16ರ ತೆರಿಗೆ ಹಾಕಿತು. ಆಮೇಲೆ ಅದನ್ನೂ ಏರಿಸಿತು.

ಆದರೆ ಅದೇ 2024ರಲ್ಲಿ ಏನಾಯಿತು ನೋಡಿ. ಒಂದು ಕಡೆ ಪ್ರವಾಸಿಗರ ದಾಖಲೆ, ಇನ್ನೊಂದು ಕಡೆ ದೇಶಕ್ಕೆ ಸಾಲದ ಕಂತು ಕಟ್ಟಲು ಡಾಲರ್ ಸಾಲದು. ಅಕ್ಟೋಬರಿನಲ್ಲಿ ಭಾರತ 40 ಕೋಟಿ ಡಾಲರಿನ ಕರೆನ್ಸಿ ಸ್ವಾಪ್ (ಅವರ ದುಡ್ಡು ಇಟ್ಟುಕೊಂಡು ಸ್ವಲ್ಪ ಕಾಲಕ್ಕೆ ಡಾಲರ್ ಕೊಡುವ ಏರ್ಪಾಡು) ಕೊಟ್ಟು ಕೈಹಿಡಿಯಬೇಕಾಯಿತು. ಇಷ್ಟೊಂದು ಜನ ಬಂದರೂ ಡಾಲರ್ ಯಾಕಿಲ್ಲ? ರೆಸಾರ್ಟುಗಳು ಡಾಲರಿನಲ್ಲಿ ದುಡಿಯುತ್ತವೆ, ಆದರೆ ಆ ಡಾಲರ್ ಎಲ್ಲವೂ ಅಲ್ಲಿನ ಬ್ಯಾಂಕುಗಳಿಗೆ ಬರುತ್ತಿರಲಿಲ್ಲ. ಅಂಗಡಿಯವನಿಗೆ ಸಾಮಾನು ತರಿಸಲು ಡಾಲರ್ ಬೇಕು, ಬ್ಯಾಂಕಿನಲ್ಲಿ ಸಿಗದು, ಹೊರಗೆ ಜಾಸ್ತಿ ರೇಟಿಗೆ ಕೊಳ್ಳಬೇಕು. ಕೊನೆಗೆ ಅಲ್ಲಿನ ಸರ್ಕಾರ, ರೆಸಾರ್ಟುಗಳು ತಮ್ಮ ಡಾಲರಿನ ಒಂದು ಪಾಲನ್ನು ಅಲ್ಲಿನ ಬ್ಯಾಂಕಿಗೆ ಕೊಟ್ಟು ತಮ್ಮ ದೇಶದ ನಾಣ್ಯ ರುಫಿಯಾ ಪಡೆಯಲೇಬೇಕು ಅಂತ ನಿಯಮ ತಂದಿತು. ಐವತ್ತು ವರ್ಷ ಪ್ರವಾಸೋದ್ಯಮ ನಡೆಸಿದ ಮೇಲೆ!

ನನಗೆ ಅಲ್ಲಿ ಇಷ್ಟವಾದ ಬದಲಾವಣೆ ಒಂದಿದೆ. ಮೊದಲು ಪ್ರವಾಸಿಗರು ಉಳಿಯಬೇಕಾದರೆ ಜನ ವಾಸ ಮಾಡದ ದ್ವೀಪದ ರೆಸಾರ್ಟೇ ಆಗಬೇಕಿತ್ತು. 2009ರ ಆಸುಪಾಸಿಗೆ ನಿಯಮ ಬದಲಾಯಿತು. ಜನ ಇರುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ಮಾಡಲು ಬಿಟ್ಟರು. ಮಾಫುಶಿ ಅನ್ನುವ ದ್ವೀಪಕ್ಕೆ ಹೋದರೆ ಈಗ ಬೀದಿ ತುಂಬ ಗೆಸ್ಟ್‌ಹೌಸುಗಳು. ಅಲ್ಲಿ ಉಳಿಯುವವನು ರೆಸಾರ್ಟಿನವನಷ್ಟು ಖರ್ಚು ಮಾಡುವುದಿಲ್ಲ. ಆದರೆ ಮಾಡಿದ ಖರ್ಚು ಆ ದ್ವೀಪದ ಮನೆಗಳಿಗೆ ಮುಟ್ಟುತ್ತದೆ. ಮೊದಲು ಹಡಗಿನಲ್ಲಿ ದಾಟಿ ಹೋಗುತ್ತಿದ್ದ ಡಾಲರನ್ನು ದೂರದಿಂದ ನೋಡುತ್ತಿದ್ದವರು ಅವರು.

ಒಂದೇ ಕಾಲಿನ ಮೇಲೆ ನಿಂತ ದೇಶದ ಕಷ್ಟ 2020ರಲ್ಲಿ ಕಂಡಿತು. ಕೊರೊನಾ ಬಂತು, ವಿಮಾನ ನಿಂತವು, ಮಾಲ್ಡೀವ್ಸ್ ಜಿಡಿಪಿ ಒಂದೇ ವರ್ಷದಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಕುಸಿಯಿತು. ಹತ್ತು ರೂಪಾಯಿ ದುಡಿಯುತ್ತಿದ್ದವನು ಆರೂವರೆಗೆ ಬಂದ ಹಾಗೆ. ಮರುವರ್ಷ ಅಷ್ಟೇ ಜೋರಾಗಿ ಎದ್ದಿತು ಅನ್ನುವುದೂ ನಿಜ.

ಈಗ ಶ್ರೀಲಂಕಾ. 2018ರಲ್ಲಿ ಅಲ್ಲಿಗೆ 23 ಲಕ್ಷ ಪ್ರವಾಸಿಗರು ಬಂದರು, ಸುಮಾರು 440 ಕೋಟಿ ಡಾಲರ್ ಕೊಟ್ಟು ಹೋದರು. ಜಿಡಿಪಿಯಲ್ಲಿ ಲೆಕ್ಕ ಹಾಕಿದರೆ ಶೇ 5 ಅಷ್ಟೆ. ಶೇ 5 ಹೋದರೆ ದೇಶ ಮುಳುಗುತ್ತದಾ ಅಂತ ಯಾರಿಗಾದರೂ ಅನಿಸುತ್ತದೆ. ಇಲ್ಲೇ ಎಲ್ಲರೂ ಎಡವುವುದು. ಸಂಬಳ ಎಷ್ಟು ಅನ್ನುವ ಲೆಕ್ಕ ಬೇರೆ, ಕಂತು ಯಾವುದರಿಂದ ಕಟ್ಟುತ್ತೀರಿ ಅನ್ನುವ ಲೆಕ್ಕ ಬೇರೆ. ಲಂಕಾದ ರೈತನೋ ಅಂಗಡಿಯವನೋ ದುಡಿಯುವುದು ರೂಪಾಯಿಯಲ್ಲಿ. ಪೆಟ್ರೋಲು, ಔಷಧ, ಹಾಲಿನ ಪುಡಿ, ಹೊರಗಿನ ಸಾಲದ ಕಂತು, ಇವೆಲ್ಲ ಡಾಲರಿನಲ್ಲಿ. ಡಾಲರ್ ತರುತ್ತಿದ್ದ ದೊಡ್ಡ ದಾರಿಗಳು ಮೂರೇ: ಹೊರಗೆ ದುಡಿಯುವವರು ಕಳಿಸುವ ಹಣ, ಗಾರ್ಮೆಂಟ್ಸ್, ಪ್ರವಾಸಿಗರು. ಚಹಾ ಆಮೇಲೆ.

2019ರ ಏಪ್ರಿಲ್ 21ರಂದು ಈಸ್ಟರ್ ಭಾನುವಾರ ಚರ್ಚು, ಹೋಟೆಲುಗಳಲ್ಲಿ ಬಾಂಬ್ ಸಿಡಿದು 250ಕ್ಕೂ ಜಾಸ್ತಿ ಜನ ಸತ್ತರು. ಪ್ರವಾಸಿಗರು ಹಿಂಜರಿದರು. ಚೇತರಿಸಿಕೊಳ್ಳುವಷ್ಟರಲ್ಲಿ ಕೊರೊನಾ. 2020ರಲ್ಲಿ ಬಂದವರು 5 ಲಕ್ಷ, 2021ರಲ್ಲಿ 2 ಲಕ್ಷಕ್ಕಿಂತ ಕಮ್ಮಿ. 440 ಕೋಟಿ ಡಾಲರ್ ಇದ್ದದ್ದು ಸುಮಾರು 50 ಕೋಟಿಗೆ ಇಳಿಯಿತು. ಇದರ ಮಧ್ಯೆ ಸರ್ಕಾರ 2019ರ ಕೊನೆಯಲ್ಲಿ ತೆರಿಗೆ ಕಡಿತ ಮಾಡಿ ತನ್ನ ಆದಾಯವನ್ನು ತಾನೇ ಇಳಿಸಿಕೊಂಡಿತ್ತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ನಿಲ್ಲಿಸಿತು, ಭತ್ತದ ಇಳುವರಿ ಬಿದ್ದಿತು, ಅಕ್ಕಿಗೂ ಡಾಲರ್ ಕೊಡಬೇಕಾಯಿತು. ಹಳೆ ಸಾಲ ತೀರಿಸಲು ಹೊಸ ಸಾಲ ಕೊಡುವವರು ಯಾರೂ ಉಳಿಯಲಿಲ್ಲ. 2022ರ ಏಪ್ರಿಲಿನಲ್ಲಿ ವಿದೇಶಿ ಸಾಲ ಕಟ್ಟುವುದನ್ನು ನಿಲ್ಲಿಸುತ್ತೇವೆ ಅಂತ ಘೋಷಿಸಿತು.

ಆ ವರ್ಷದ ಜುಲೈ ಹೊತ್ತಿಗೆ ಪರಿಸ್ಥಿತಿ ಹೇಗಿತ್ತು ಅಂದರೆ ಕ್ಯೂಆರ್ ಕೋಡ್ ತೋರಿಸಿದರೆ ಆಟೊಗೆ ವಾರಕ್ಕೆ 5 ಲೀಟರ್ ಪೆಟ್ರೋಲ್. 5 ಲೀಟರಿನಲ್ಲಿ ಕ್ಯಾಂಡಿಯ ಆಟೊದವನು ಯಾವ ಪ್ರವಾಸಿಯನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು? ಪ್ರವಾಸಿ ಬರಬೇಕಾದರೆ ಪೆಟ್ರೋಲ್ ಬೇಕು, ಪೆಟ್ರೋಲ್ ತರಿಸಲು ಡಾಲರ್ ಬೇಕು, ಡಾಲರ್ ಬೇಕಾದರೆ ಪ್ರವಾಸಿ ಬರಬೇಕು. ಈ ಗಂಟು ಬಿಚ್ಚಲು ಕೊನೆಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಸಾಲ ಬೇಕಾಯಿತು.

ಹಾಗಾಗಿ ಲಂಕಾವನ್ನು ಮುಳುಗಿಸಿದ್ದು ಪ್ರವಾಸೋದ್ಯಮ ಅಂತ ನಾನು ಹೇಳುವುದಿಲ್ಲ. ಸಾಲ, ತೆರಿಗೆ, ಗೊಬ್ಬರ, ಎಲ್ಲದರಲ್ಲೂ ತಪ್ಪು ಆಗಿತ್ತು. ಪ್ರವಾಸಿಗರ ಡಾಲರ್ ಬರುವ ತನಕ ಆ ತಪ್ಪುಗಳು ಮುಚ್ಚಿಕೊಂಡಿದ್ದವು. ಇನ್ನೊಂದು ಮಾತು, ಮತ್ತೆ ಎದ್ದು ನಿಲ್ಲಲು ಸಹಾಯ ಮಾಡಿದ್ದರಲ್ಲಿ ಇದೇ ಪ್ರವಾಸೋದ್ಯಮವೂ ಒಂದು. 2024ರಲ್ಲಿ ಮತ್ತೆ 20 ಲಕ್ಷ ದಾಟಿತು, 300 ಕೋಟಿ ಡಾಲರಿಗೂ ಜಾಸ್ತಿ ಬಂತು. ಫ್ಯಾಕ್ಟರಿ ಮುಚ್ಚಿದರೆ ತಿರುಗಿ ತೆರೆಯಲು ವರ್ಷಗಳು ಬೇಕು. ಸಿಗಿರಿಯಾದ ಬಂಡೆ ಎಲ್ಲಿಗೂ ಹೋಗಿರಲಿಲ್ಲ, ಹೋಟೆಲುಗಳ ಬೀಗ ತೆಗೆದರೆ ಸಾಕಿತ್ತು.

ಇನ್ನು, ಪ್ರವಾಸಿಗರಿಂದ ಬೆಳವಣಿಗೆಯೋ, ಬೆಳವಣಿಗೆಯಿಂದ ಪ್ರವಾಸಿಗರೋ? ಮಳೆ ಬರುವ ಮೊದಲು ಇರುವೆಗಳು ಮೊಟ್ಟೆ ಹೊತ್ತು ಸಾಲಾಗಿ ಹೊರಡುತ್ತವೆ. ಹಾಗಂತ ಇರುವೆಗಳು ಮಳೆ ತಂದವು ಅನ್ನೋಕೆ ಆಗುತ್ತಾ? ಅರ್ಥಶಾಸ್ತ್ರದಲ್ಲಿ ಇದಕ್ಕೆ ಗ್ರೇಂಜರ್ ಪರೀಕ್ಷೆ ಅಂತ ಒಂದಿದೆ. ಹಿಂದಿನ ವರ್ಷಗಳ ಪ್ರವಾಸದ ಅಂಕಿ ನೋಡಿದರೆ ಮುಂದಿನ ವರ್ಷಗಳ ಬೆಳವಣಿಗೆಯನ್ನು ಇನ್ನಷ್ಟು ಚೆನ್ನಾಗಿ ಊಹಿಸಬಹುದಾ ಅಂತ ಅದು ನೋಡುತ್ತದೆ. ಅಂದರೆ ಯಾವುದು ಮೊದಲು ನಡೆಯಿತು ಅಂತ ಹೇಳುತ್ತದೆ, ಯಾವುದು ಕಾರಣ ಅಂತ ಖಡಾಖಂಡಿತ ಹೇಳುವುದಿಲ್ಲ. ಸ್ಪೇನಿನ ಇಬ್ಬರು ಅರ್ಥಶಾಸ್ತ್ರಜ್ಞರು 1975ರಿಂದ 1997ರವರೆಗಿನ ತಮ್ಮ ದೇಶದ ಅಂಕಿಗಳ ಮೇಲೆ ಇದನ್ನು ಮಾಡಿ, ಪ್ರವಾಸವೇ ಬೆಳವಣಿಗೆಗೆ ಮುಂದಾಳು ಅಂತ 2002ರಲ್ಲಿ ಬರೆದರು. ಮೂರು ವರ್ಷದ ಮೇಲೆ ದಕ್ಷಿಣ ಕೊರಿಯಾದ ಅಂಕಿ ನೋಡಿದವರಿಗೆ ಉಲ್ಟಾ ಕಂಡಿತು, ಅಲ್ಲಿ ಆರ್ಥಿಕತೆ ಬೆಳೆದದ್ದರಿಂದ ಜನ ಬಂದರು. ಅಲ್ಲಿಂದೀಚೆಗೆ ಒಂದೊಂದು ದೇಶಕ್ಕೂ ಒಂದೊಂದು ಪೇಪರ್ ಬರುತ್ತಲೇ ಇದೆ. ಇವನ್ನು ಓದಿ ಓದಿ ನನಗೊಂದು ಚಟ ಹತ್ತಿದೆ, ದೇಶದ ಹೆಸರು ನೋಡಿ ಫಲಿತಾಂಶ ಊಹಿಸುವುದು. ಚಿಕ್ಕ ದ್ವೀಪ ಆದರೆ ಪ್ರವಾಸ ಮೊದಲು, ಫ್ಯಾಕ್ಟರಿಗಳ ದೇಶ ಆದರೆ ಬೆಳವಣಿಗೆ ಮೊದಲು. ಬಹಳ ಸಲ ಸರಿಯಾಗುತ್ತದೆ.

ಕೊರಿಯಾದ್ದು ವಿಚಿತ್ರ ಅನಿಸಿದರೆ ಬೆಂಗಳೂರು ನೋಡಿ. ಐಟಿ ಕಂಪನಿಯ ಮೀಟಿಂಗಿಗೆ ಅಮೆರಿಕದಿಂದ ಬಂದು ನಾಲ್ಕು ದಿನ ಹೋಟೆಲಿನಲ್ಲಿ ಉಳಿದು ಹೋದವನೂ ಲೆಕ್ಕದಲ್ಲಿ ವಿದೇಶಿ ಪ್ರವಾಸಿಯೇ. ಅವನು ಲಾಲ್‌ಬಾಗ್ ನೋಡಲು ಬಂದವನಲ್ಲ. ಇಲ್ಲಿ ಉದ್ಯಮ ಬೆಳೆದಿದೆ ಅಂತ ಬಂದವನು.

ಸ್ಪೇನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಪ್ರವಾಸಿಗರ ದುಡ್ಡಿನಿಂದ ಒಂದು ದೊಡ್ಡ ದೇಶ ನಿಜವಾಗಿ ಏನು ಮಾಡಬಹುದು ಅಂತ ಅಲ್ಲಿ ಕಾಣುತ್ತದೆ. 1950ರ ದಶಕದ ಕೊನೆಗೆ ಸರ್ವಾಧಿಕಾರಿ ಫ್ರಾಂಕೊನ ಸ್ಪೇನ್ ಹತ್ತಿರ ವಿದೇಶಿ ಹಣ ಬರಿದಾಗುತ್ತಾ ಬಂದಿತ್ತು. 1959ರಲ್ಲಿ ತಮ್ಮ ನಾಣ್ಯ ಪೆಸೆಟಾದ ಬೆಲೆ ಇಳಿಸಿ ಡಾಲರಿಗೆ 60 ಮಾಡಿದರು, ಬಾಗಿಲು ತೆರೆದರು. ಉತ್ತರ ಯುರೋಪಿನ ಚಳಿಯವರಿಗೆ ಬಿಸಿಲು ಅಗ್ಗಕ್ಕೆ ಸಿಕ್ಕಿತು. 1960ರಲ್ಲಿ ಸುಮಾರು 60 ಲಕ್ಷ ಇದ್ದ ಪ್ರವಾಸಿಗರು 1973ಕ್ಕೆ 3 ಕೋಟಿ ದಾಟಿದರು. ಬೆನಿಡಾರ್ಮ್ ಅಂತ ಒಂದು ಮೀನುಗಾರರ ಊರು, ಅಲ್ಲಿನ ಮೇಯರ್ ಬಿಕಿನಿಗೆ ಅನುಮತಿ ಕೊಟ್ಟು ಪಾದ್ರಿಗಳ ಕೋಪಕ್ಕೆ ಗುರಿಯಾಗಿ, ಕೊನೆಗೆ ವೆಸ್ಪಾ ಸ್ಕೂಟರಿನಲ್ಲಿ ಮ್ಯಾಡ್ರಿಡ್‌ಗೆ ಹೋಗಿ ಫ್ರಾಂಕೊನನ್ನೇ ಭೇಟಿಯಾದ ಅಂತ ಕಥೆ ಹೇಳುತ್ತಾರೆ. ಅದಿರಲಿ. ಮುಖ್ಯ ವಿಷಯ, ಆ ಡಾಲರುಗಳಿಂದ ಸ್ಪೇನ್ ಯಂತ್ರ ತರಿಸಿತು. ಬೀಚಿನ ದುಡ್ಡು ಕಾರು ಕಾರ್ಖಾನೆಗೆ, ಉಕ್ಕಿಗೆ, ಜವಳಿಗೆ ಬೇಕಾದ ಸಾಮಾನಿನ ಬಿಲ್ಲು ಕಟ್ಟಿತು. ಆ ಹದಿಮೂರು ವರ್ಷ ಆರ್ಥಿಕತೆ ವರ್ಷಕ್ಕೆ ಶೇ 7ರ ಆಸುಪಾಸು ಬೆಳೆಯಿತು. ಜೊತೆಗೆ ಹೋಟೆಲಿಗೆ ಬೇಕಾದ ತರಕಾರಿ, ವೈನ್, ಆಲಿವ್ ಎಣ್ಣೆ, ಟೈಲ್ಸ್ ಎಲ್ಲ ಅಲ್ಲೇ ಆಗುತ್ತಿತ್ತು. ತಟ್ಟೆ ತುಂಬ ಊರಿನದೇ ಸಾಮಾನು.

ಇವತ್ತು ಅದೇ ಸ್ಪೇನಿನಲ್ಲಿ ಪ್ರವಾಸಿಗರು ಸಾಕಪ್ಪಾ ಅನ್ನುತ್ತಿದ್ದಾರೆ. 2024ರ ಜುಲೈನಲ್ಲಿ ಬಾರ್ಸಿಲೋನಾದವರು ಬೀದಿಗಿಳಿದು ಪ್ರವಾಸಿಗರ ಮೇಲೆ ನೀರಿನ ಪಿಸ್ತೂಲು ಹೊಡೆದರು. ಮನೆ ಬಾಡಿಗೆ ಏರಿದ್ದೇ ಮುಖ್ಯ ಸಿಟ್ಟು.

ಬೆಲೆ ಏರುವ ಈ ಕಾಟ ಒಂದು ಊರಿಗೆ ಮಾತ್ರ ಬರುವುದಲ್ಲ, ಇಡೀ ದೇಶದ ಕರೆನ್ಸಿಗೂ ಬರುತ್ತದೆ. ಐಸ್‌ಲ್ಯಾಂಡಿಗೆ 2010ರಲ್ಲಿ 5 ಲಕ್ಷ ಪ್ರವಾಸಿಗರೂ ಬರುತ್ತಿರಲಿಲ್ಲ, 2017ಕ್ಕೆ 22 ಲಕ್ಷ. ಜನಸಂಖ್ಯೆ ಮೂರೂವರೆ ಲಕ್ಷ! ಎಲ್ಲರೂ ಅಲ್ಲಿನ ಕ್ರೋನಾ ಕೇಳಿದಾಗ ಅದರ ಬೆಲೆ ಏರಿತು. ಮೀನು ರಫ್ತು ಮಾಡುವವರಿಗೆ ಅದೇ ಮೀನಿಗೆ ಕಮ್ಮಿ ಕ್ರೋನಾ ಸಿಗತೊಡಗಿತು. ಒಂದು ಉದ್ಯಮ ಜೋರಾಗಿ ಬೆಳೆದರೆ ಪಕ್ಕದ ಉದ್ಯಮದ ಉಸಿರು ಕಟ್ಟುವುದೂ ಉಂಟು.

ಭಾರತದ ಲೆಕ್ಕ ಬೇರೆ. 2019ರಲ್ಲಿ ನಮ್ಮಲ್ಲಿಗೆ ಬಂದ ವಿದೇಶಿ ಪ್ರವಾಸಿಗರು 1.09 ಕೋಟಿ, ತಂದದ್ದು ಸುಮಾರು 3,000 ಕೋಟಿ ಡಾಲರ್, ಜಿಡಿಪಿಯಲ್ಲಿ ಶೇ 1ರ ಹತ್ತಿರ. ಅದೇ ವರ್ಷ ನಮ್ಮವರು ಹೊರದೇಶಕ್ಕೆ ಹೋದ ಪ್ರಯಾಣಗಳು 2.69 ಕೋಟಿ. ಅಂದರೆ ವಿದೇಶಿ ಪ್ರವಾಸಿಗರಿಂದಲೇ ಇಡೀ ಭಾರತ ಬೆಳೆಯುತ್ತದೆ ಅನ್ನುವ ಮಾತನ್ನು ನಾನು ನಂಬುವುದಿಲ್ಲ. 140 ಕೋಟಿ ಜನರ ದೇಶ ಮಾಲ್ಡೀವ್ಸ್ ಆಗಲಾರದು, ಆಗಬೇಕಾಗಿಯೂ ಇಲ್ಲ. ಆದರೆ ದೇಶಕ್ಕೆ ಶೇ 1 ಅಂದರೆ ಹಂಪಿಗೂ ಶೇ 1 ಅಂತ ಅರ್ಥ ಅಲ್ಲ. ಊರಿನ ಲೆಕ್ಕ ಹಾಕುವಾಗ ಊರನ್ನೇ ಒಂದು ಪುಟ್ಟ ದೇಶ ಅಂದುಕೊಳ್ಳಿ. ಆಗ ಬೆಂಗಳೂರಿನಿಂದ ಬಂದವನೂ ವಿದೇಶಿಯೇ. ಅವನು ಡಾಲರ್ ತರುವುದಿಲ್ಲ, ಆದರೆ ನಿಮ್ಮ ಊರಿಗೆ ಅದು ಹೊರಗಿನಿಂದ ಬಂದ ದುಡ್ಡು.

ಹಂಪಿ ಎದುರಿನ ನದಿ ನಡುಗಡ್ಡೆ ವಿರೂಪಾಪುರ ಗಡ್ಡೆ ನಿಮಗೆ ನೆನಪಿರುತ್ತದೆ, ನನಗಿಂತ ಚೆನ್ನಾಗಿ. ಹೀಬ್ರೂ ಬೋರ್ಡುಗಳು, ನೆಲದ ಮೇಲೆ ಹಾಸಿಗೆ ಹಾಕಿದ ಹೋಟೆಲುಗಳು, ಮೆನುವಿನಲ್ಲಿ ಇಸ್ರೇಲಿಗಳ ಶಕ್ಷುಕಾ. ಶಕ್ಷುಕಾ ಅಂದರೆ ಇನ್ನೇನು, ಟೊಮೆಟೊ ಗೊಜ್ಜಿನ ಮೇಲೆ ಮೊಟ್ಟೆ ಒಡೆದು ಹಾಕಿ ಬೇಯಿಸುವುದು. ಟೊಮೆಟೊ ಗಂಗಾವತಿ ಸಂತೆಯದು. ಮೊಟ್ಟೆಗಂತೂ ದಿನದ ದರಪಟ್ಟಿಯಲ್ಲೇ ಹೊಸಪೇಟೆ ಹೆಸರಿದೆ. ಬೇಯಿಸಿದವನು ಊರಿನ ಹುಡುಗ, ಬಂದವನನ್ನು ಹರಿಗೋಲಿನಲ್ಲಿ ದಾಟಿಸಿದವನೂ ಊರಿನವನೇ. ಆ ಹಿಪ್ಪಿ ಹುಡುಗರು ಖರ್ಚು ಮಾಡುತ್ತಿದ್ದದ್ದು ಸ್ಟಾರ್ ಹೋಟೆಲಿನವರ ಮುಂದೆ ಏನೂ ಅಲ್ಲ. ಆದರೆ ಆ ನೂರು ರೂಪಾಯಿ ನಾಲ್ಕು ಕೈ ದಾಟುವವರೆಗೂ ತುಂಗಭದ್ರೆಯ ಆಸುಪಾಸಿನಲ್ಲೇ ಸುತ್ತುತ್ತಿತ್ತು. ಮಾಲ್ಡೀವ್ಸ್ ಆಮ್ಲೆಟ್ಟಿಗೂ ಗಡ್ಡೆಯ ಶಕ್ಷುಕಾಗೂ ಇರುವ ವ್ಯತ್ಯಾಸ ಅದು.

ಆ ಗಡ್ಡೆಗೆ ಏನಾಯಿತು ಅನ್ನುವುದೂ ನಿಮಗೆ ಗೊತ್ತು. ಪರಂಪರೆ ಪ್ರದೇಶದಲ್ಲಿ ಅಕ್ರಮ ಕಟ್ಟಡ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚಿನಲ್ಲಿ ಜೆಸಿಬಿ ಬಂತು. ಹಾಗಾಗಿ ನಿಮ್ಮ ಅರ್ಧ ಎಕರೆ ಬಗ್ಗೆ ನನ್ನ ಮೊದಲ ಮಾತು, ಬ್ಯಾಂಕಿಗೆ ಹೋಗುವ ಮೊದಲು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದಲ್ಲಿ ನಿಮ್ಮ ಸರ್ವೆ ನಂಬರಿಗೆ ಏನು ಕಟ್ಟಬಹುದು ಅಂತ ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಬೇಡ. ಆನೆಗುಂದಿ ಅದರ ವ್ಯಾಪ್ತಿಯಲ್ಲೇ ಇದೆ.

ಎರಡನೆಯದು, ಹತ್ತು ರೂಮು ಬೇಡ, ಮೂರೋ ನಾಲ್ಕೋ ಸಾಕು. ವಿದೇಶಿಯರು ಹಂಪಿಗೆ ಬರುವುದು ಅಕ್ಟೋಬರಿನಿಂದ ಫೆಬ್ರವರಿವರೆಗೆ. ಏಪ್ರಿಲಿನ ಬಂಡೆ ಬಿಸಿಲಿಗೆ ಯಾರು ಬರುತ್ತಾರೆ ಹೇಳಿ? ಆದರೆ ಕಂತು ಹನ್ನೆರಡು ತಿಂಗಳೂ ಬರುತ್ತದೆ. ಲಂಕಾ ಮಾಡಿದ ತಪ್ಪೇ ಇದು, ನಿಂತು ನಿಂತು ಬರುವ ಆದಾಯ ನಂಬಿ ನಿಲ್ಲದೆ ಬರುವ ಕಂತು ತಲೆ ಮೇಲೆ ಹೊತ್ತದ್ದು. ವಿದೇಶಿಯರಿಗೆ ಮಾತ್ರ ಅಂತಲೂ ಮಾಡಬೇಡಿ. ಬೆಂಗಳೂರು, ಹೈದರಾಬಾದಿನಿಂದ ಶನಿವಾರ ಭಾನುವಾರ ಬರುವ ಕುಟುಂಬಗಳು ನಿಮ್ಮ ಕಂತಿನ ಅರ್ಧ ಕಟ್ಟಿದರೆ, ವಿದೇಶಿಯರಿಂದ ಬಂದದ್ದು ಲಾಭ. ಬುಕಿಂಗ್ ಆ್ಯಪ್‌ಗಳು ಸಾಮಾನ್ಯವಾಗಿ ಶೇ 15ರ ಮೇಲೆ ಕಿತ್ತುಕೊಳ್ಳುತ್ತವೆ, ಒಂದು ಸಲ ಬಂದವರ ನಂಬರ್ ಇಟ್ಟುಕೊಂಡು ಎರಡನೇ ಸಲ ನೇರವಾಗಿ ಬರುವ ಹಾಗೆ ನೋಡಿಕೊಳ್ಳಿ. ಕಿಟಕಿ ಬಾಗಿಲು ಊರಿನ ಬಡಗಿಯಿಂದ ಮಾಡಿಸಿ, ರೂಮಿಗೆ ಹಾಕುವ ಚಾಪೆ, ಬುಟ್ಟಿಗೆ ಆನೆಗುಂದಿಯ ಬಾಳೆ ನಾರಿನ ಕೆಲಸದವರನ್ನೇ ಕೇಳಿ.

ಬೆಳಗಿನ ತಿಂಡಿಗೆ ಬ್ರೆಡ್ಡು ಜಾಮು ಇಡಲೇಬೇಡಿ, ಅದು ಅವರಿಗೆ ಎಲ್ಲಾದರೂ ಸಿಗುತ್ತದೆ. ಒಗ್ಗರಣಿ ಮಿರ್ಚಿ ಕೊಡಿ. ಮಂಡಕ್ಕಿ ಭಟ್ಟಿಯವನಿಗೆ, ಮೆಣಸಿನಕಾಯಿ ಬೆಳೆದವನಿಗೆ, ಒಲೆ ಮುಂದೆ ಕೂತ ಅಕ್ಕನಿಗೆ ಎಲ್ಲರಿಗೂ ಒಂದಿಷ್ಟು ಹೋಗುತ್ತದೆ. ಖಾರ ಮಾತ್ರ ಸ್ವಲ್ಪ ಕಮ್ಮಿ ಮಾಡಿಸಿ.